ಬಕೆಟ್ಟಿನಲ್ಲಿರುವುದು ಯಾವ ಮಹಸೀರ್?

ಮಾನ್ಯ ಸಂಪಾದಕರೇ,

ನದಿಗೆ ಮಹಸೀರ್ ಮರಿ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹೊಳೆಗೆ ಬಕೆಟ್ ಬಗ್ಗಿಸುತ್ತಿರುವ ಗಣ್ಯರ ಚಿತ್ರ, ಅದರ ಕೆಳಗೆ ‘ಅಳಿವಿನಂಚಿನ ಮೀನಿಗೆ ಮರುಜೀವ’ ಎಂಬ ಸಾಲು. ಬಕೆಟ್ಟಿನಲ್ಲಿದ್ದದ್ದು ಯಾವ ಮಹಸೀರ್ ಎಂಬುದು ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ. ತುಂಗೆಯಲ್ಲಾದರೆ ಈ ಪ್ರಶ್ನೆಯನ್ನು ಅಷ್ಟು ಒತ್ತಿ ಕೇಳಬೇಕಾಗಿಲ್ಲ. ಕಾವೇರಿಯಲ್ಲಿ ಕೇಳಲೇಬೇಕು. ಅಲ್ಲಿ ಮಹಸೀರ್ ಎಂಬ ಒಂದೇ ಹೆಸರಿನಡಿ ಎರಡು ಮೀನುಗಳಿವೆ. ಒಂದು ಹೆಚ್ಚುತ್ತ ಬಂದಿದೆ, ಇನ್ನೊಂದು ಮುಗಿಯುತ್ತ ಬಂದಿದೆ. ಹೆಚ್ಚುತ್ತಿರುವುದರ ಲೆಕ್ಕ ತೋರಿಸಿ ಮುಗಿಯುತ್ತಿರುವುದೂ ಕ್ಷೇಮವಾಗಿದೆ ಎಂದು ನಂಬಿಸಲಾಗುತ್ತಿದೆ. ಬೇಕೆಂದೇ ಮಾಡುತ್ತಾರೆ ಎಂದು ನಾವು ಹೇಳುತ್ತಿಲ್ಲ. ಹೆಸರು ಒಂದೇ ಆಗಿರುವುದರಿಂದ ಹಾಗಾಗುತ್ತಿದೆ.

ಮುಗಿಯುತ್ತ ಬಂದಿರುವುದು ಗೂನು ಮಹಸೀರ್, ವಿಜ್ಞಾನಿಗಳ ಬಾಯಲ್ಲಿ ಟಾರ್ ರೆಮಾದೇವಿ. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಮೀನು ಇದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಬಿದ್ದ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ. ತೂಕದ ಮೀನು ಇದೇ ಜಾತಿಯದು. ಹೆಚ್ಚುತ್ತ ಬಂದಿರುವುದು ನೀಲಿರೆಕ್ಕೆ ಮಹಸೀರ್, ಟಾರ್ ಖುದ್ರಿ. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆಯ ಬಳಿಯ ಹೊಳೆಯಲ್ಲಿ ಸಿಕ್ಕ ಮೀನನ್ನು ನೋಡಿ ವಿವರಿಸಿದ್ದು. ಪುಣೆಯ ನೀರು ಭೀಮೆಗೆ ಸೇರಿ ಕೃಷ್ಣೆಗೆ ಹೋಗುತ್ತದೆ. ಹಾಗಾಗಿ ಇದರ ತವರು ಕೃಷ್ಣಾ ಕೊಳ್ಳ. ಶೃಂಗೇರಿಯ ಮೆಟ್ಟಿಲ ಬಳಿ ಮಂಡಕ್ಕಿಗೆ ಮುಗಿಬೀಳುವ ಮೀನುಗಳು, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳು ತುಂಗೆಯವು, ಅಂದರೆ ಕೃಷ್ಣಾ ಕೊಳ್ಳದವು. ಶೃಂಗೇರಿಯಲ್ಲಿ ಕಂಡ ರಾಶಿಯನ್ನು ನೆನೆದು ‘ಮಹಸೀರ್‌ಗೇನು ಕಮ್ಮಿ?’ ಎನ್ನುವವರಿಗೆ ಇಷ್ಟೇ ಹೇಳಬಹುದು: ಆ ರಾಶಿಗೂ ಕಾವೇರಿಯ ಗೂನು ಮೀನಿಗೂ ಸಂಬಂಧವಿಲ್ಲ.

ಇವೆರಡನ್ನು ಗುರುತಿಸಲು ಚಿಪ್ಪು ಎಣಿಸುತ್ತ ಕೂರಬೇಕಾಗಿಲ್ಲ. ಎರಡಕ್ಕೂ ನಾಲ್ಕು ಮೀಸೆ, ಎರಡಕ್ಕೂ ಅಂಗೈಯಗಲದ ದೊಡ್ಡ ಚಿಪ್ಪು, ದಪ್ಪ ತುಟಿ. ನೋಡಬೇಕಾದ್ದು ಬೆನ್ನು, ಬಾಯಿ, ಬಾಲ. ಗೂನು ಮೀನಿನಲ್ಲಿ ಕಿವಿರಿನ ಮುಚ್ಚಳದ ಮುಂಭಾಗದ ನೇರಕ್ಕೆ, ತಲೆಯ ಹಿಂದಿನಿಂದಲೇ ಬೆನ್ನು ಮೇಲಕ್ಕೇಳುತ್ತದೆ. ಬೆನ್ನಿನ ರೆಕ್ಕೆ ಶುರುವಾಗುವ ಜಾಗದವರೆಗೂ ಆ ಉಬ್ಬು ಇರುತ್ತದೆ, ಎತ್ತಿನ ಭುಜದ ಹಾಗೆ. ನೀಲಿರೆಕ್ಕೆಯದರಲ್ಲಿ ಮೂತಿಯಿಂದ ಬೆನ್ನಿನವರೆಗೆ ಒಂದೇ ಸಮನಾದ ಇಳಿಜಾರು. ಗೂನು ಮೀನಿನ ಬಾಲ ಕಿತ್ತಳೆ ಬಣ್ಣದ್ದು, ಕಿವಿರು ಮುಚ್ಚಳದ ಅಂಚಿಗೂ ಕಿತ್ತಳೆ ಗೆರೆ ಹಿಡಿದಿರುತ್ತದೆ. ಇನ್ನೊಂದರ ರೆಕ್ಕೆಗಳಲ್ಲಿ ಹೆಸರೇ ಹೇಳುವಂತೆ ನೀಲಿ ಬೂದು ಛಾಯೆ.

ಬಣ್ಣವನ್ನಷ್ಟೇ ನೆಚ್ಚಿದರೆ ಮೋಸ ಹೋಗುತ್ತೀರಿ. ಕೆಂಪು ನೀರಿನಲ್ಲಿದ್ದ ಮೀನು ಮಂಕಾಗಿ ಕಾಣುತ್ತದೆ, ಸಂಜೆಯ ಬಿಸಿಲಿನಲ್ಲಿ ನೀಲಿರೆಕ್ಕೆಯೂ ಚಿನ್ನದ ಹಾಗೆ ಹೊಳೆಯುತ್ತದೆ. ಮರಿಗಳಲ್ಲಿ ಗೂನೂ ಸರಿಯಾಗಿ ಎದ್ದಿರುವುದಿಲ್ಲ. ನಮ್ಮ ಮಟ್ಟಿಗೆ ನಂಬಬಹುದಾದ ಗುರುತು ಬಾಯಿ. ಗೂನು ಮೀನಿನ ಕೆಳದವಡೆ ಚೆನ್ನಾಗಿ ಬೆಳೆದು ಮೇಲ್ದವಡೆಯ ಸಮಕ್ಕೆ, ಕೆಲವೊಮ್ಮೆ ಒಂದು ಕೂದಲೆಳೆ ಮುಂದಕ್ಕೂ ಬಂದಿರುತ್ತದೆ. ಹಾಗಾಗಿ ಬಾಯಿ ಮೂತಿಯ ತುದಿಗೇ ನೇರವಾಗಿ ತೆರೆಯುತ್ತದೆ. ನೀಲಿರೆಕ್ಕೆಯ ಕೆಳದವಡೆ ಗಿಡ್ಡ, ಬಾಯಿ ತುಸು ಕೆಳಮುಖ. ಇದನ್ನು ನೋಡುವಾಗ ಬಾಯಿ ಮುಚ್ಚಿರಬೇಕು ಎಂಬುದನ್ನು ಮರೆಯಬಾರದು. ಮಹಸೀರ್ ತುಟಿಗಳು ಮುಂದಕ್ಕೆ ಚಾಚಿಕೊಳ್ಳುವಂಥವು. ಗಾಳದ ದಾರ ಎಳೆದು ಹಿಡಿದಿರುವಾಗ ತೆಗೆದ ಫೋಟೊದಲ್ಲಿ ಎರಡರ ಮೂತಿಯೂ ಒಂದೇ ಥರ ಸೊಟ್ಟಗೆ ಕಾಣುತ್ತದೆ.

ಫೋಟೊ ತೆಗೆಯುವವರಲ್ಲಿ ಒಂದು ಕೋರಿಕೆ. ಮೀನನ್ನು ಕ್ಯಾಮೆರಾದ ಕಡೆ ಚಾಚಿ ದೊಡ್ಡದಾಗಿ ತೋರಿಸುವ ಫೋಟೊ ಗುರುತಿಸಲು ಕೆಲಸಕ್ಕೆ ಬರುವುದಿಲ್ಲ. ಎಡಮಗ್ಗುಲು ಪೂರ್ತಿ ಕಾಣುವಂತೆ, ದೇಹ ಬಾಗದಂತೆ, ಬಾಲ ಬಿಚ್ಚಿಕೊಂಡಿರುವಂತೆ, ಮೀನಿನ ನಡುಮಟ್ಟಕ್ಕೆ ಕ್ಯಾಮೆರಾ ಹಿಡಿದು ಒಂದು ಫೋಟೊ ತೆಗೆಯಿರಿ. ತಲೆಯದು ಇನ್ನೊಂದು, ಬಾಯಿ ಮುಚ್ಚಿದ ಮೇಲೆ. ಸ್ಥಳ, ತಾರೀಕು ಬರೆದಿಟ್ಟರೆ ಈ ಎರಡೇ ಸಾಕು. ಇಲಾಖೆಯ ಅನುಮತಿ ಪಡೆದು ಡಿಎನ್‌ಎ ಪರೀಕ್ಷೆಗೆ ಮಾದರಿ ತೆಗೆಯುವವರು ರೆಕ್ಕೆಯ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ ಶುದ್ಧ ಎಥನಾಲ್‌ನಲ್ಲಿ ಹಾಕಬೇಕು. ಕಾಲೇಜು ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುತ್ತದೆಂದು ಫಾರ್ಮಲಿನ್‌ನಲ್ಲಿ ಹಾಕಿದರೆ ಡಿಎನ್‌ಎ ಕೆಡುತ್ತದೆ, ತೆಗೆದದ್ದು ದಂಡ.

ಇಷ್ಟು ದೊಡ್ಡ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ ಎಂದರೆ ನಂಬುವುದು ಕಷ್ಟ. ಗಾಳ ಹಾಕುವವರಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ಗೊತ್ತಿದ್ದ ಮೀನು. ಒಬ್ಬರು ಅದನ್ನು ಮುಸುಲ್ಲಾ ಎಂಬ ಬೇರೆ ಜಾತಿ ಎಂದರು, ಇನ್ನೊಬ್ಬರು ಖುದ್ರಿಯದೇ ಇನ್ನೊಂದು ರೂಪ ಎಂದರು. ಅತ್ತ ಕೇರಳದಲ್ಲಿ, ಕಾವೇರಿಗೆ ಸೇರುವ ಅಮರಾವತಿಯ ಉಪನದಿ ಪಾಂಬಾರಿನಲ್ಲಿ ಸಿಕ್ಕ ಸಣ್ಣ ಮೀನುಗಳನ್ನು ನೋಡಿ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನುತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ. ಪಾಂಬಾರಿನ ಆ ಮರಿಯೂ ಕಾವೇರಿಯ ಗೂನು ದೈತ್ಯನೂ ಒಂದೇ ಜಾತಿ ಎಂದು 2018ರ ಅಧ್ಯಯನ ತೋರಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ‘ಅತ್ಯಂತ ಅಪಾಯದಲ್ಲಿರುವ’ ಜಾತಿ ಎಂದು ಸೇರಿಸಿದರು. ಹೆಸರಿಲ್ಲದೆ ಕೆಂಪು ಪಟ್ಟಿಗೆ ಸೇರಿಸುವಂತಿಲ್ಲ. ಹೆಸರು ಸಿಗುವಷ್ಟರಲ್ಲಿ ಮೀನು ಅಳಿವಿನ ಅಂಚಿಗೆ ಬಂದಿತ್ತು. ನೀಲಿರೆಕ್ಕೆಯ ಕತೆ ಇದಕ್ಕೆ ತದ್ವಿರುದ್ಧ. ಮೊದಲು ‘ಅಪಾಯದಲ್ಲಿರುವ’ ಪಟ್ಟಿಯಲ್ಲಿದ್ದದ್ದು ಈಗ ‘ಹೆಚ್ಚು ಆತಂಕವಿಲ್ಲದ’ ಗುಂಪಿಗೆ ಇಳಿದಿದೆ.

ಕೃಷ್ಣೆಯ ಮೀನು ಕಾವೇರಿಗೆ ಬಂದದ್ದು ಹೇಗೆ? ಲೊನಾವಾಲದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯ ಕೆರೆಗಳಿವೆ. 1970ರ ದಶಕದಲ್ಲಿ ಅಲ್ಲಿ ಸಿ.ವಿ. ಕುಲಕರ್ಣಿ ಮತ್ತು ಸಂಗಡಿಗರು ನೀಲಿರೆಕ್ಕೆ ಮಹಸೀರ್‌ನ ಹೊಟ್ಟೆ ನೀವಿ ಮೊಟ್ಟೆ ತೆಗೆದು, ಗಂಡಿನ ಹಾಲು ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡಿಸುವ ಕ್ರಮವನ್ನು ಸಿದ್ಧಪಡಿಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಧನೆ, ಅವರ ಬಗ್ಗೆ ನಮಗೆ ತಕರಾರಿಲ್ಲ. ಆ ಸಂತತಿಯ ಮರಿಗಳು ಹಲವು ರಾಜ್ಯಗಳ ನೀರಿಗೆ ಹೋದವು, ಕಾವೇರಿಗೂ ಬಂದವು. ಕೊಡಗಿನ ಹಾರಂಗಿಯಲ್ಲಿ ನಮ್ಮ ಮೀನುಗಾರಿಕೆ ಇಲಾಖೆಯದೇ ಮಹಸೀರ್ ಮರಿ ಉತ್ಪಾದನಾ ಕೇಂದ್ರವಿದೆ. ಹಾರಂಗಿ ಕಾವೇರಿಯ ಉಪನದಿ. ಅಲ್ಲಿಂದ ಹೊರಡುವ ಪ್ರತಿ ಬಕೆಟ್ಟಿನ ಬಗ್ಗೆ ‘ಯಾವ ಜಾತಿ, ತಾಯಿಮೀನು ಯಾವ ನದಿಯದು’ ಎಂಬ ಎರಡು ಪ್ರಶ್ನೆ ಕೇಳುವ ಹಕ್ಕು ಸಾರ್ವಜನಿಕರಿಗೆ ಇದೆ ಎನ್ನುವುದಕ್ಕೆ ಇಷ್ಟೇ ಕಾರಣ ಸಾಕು.

ಇನ್ನು ಅಂಕಿಗಳು. ಶಿವನಸಮುದ್ರದ ಕೆಳಗೆ, ಕಾವೇರಿ ವನ್ಯಜೀವಿಧಾಮದ ಕಾಡಿನ ನಡುವೆ ಹರಿಯುವ ನದಿಯಲ್ಲಿ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಗಾಳದ ಶಿಬಿರಗಳಿದ್ದವು. ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವುದು ಅಲ್ಲಿನ ಕ್ರಮ. ಈ ಭಾಗದ ಶಿಬಿರವೊಂದರ ದಿನಚರಿ ಪುಸ್ತಕಗಳಲ್ಲಿ 1998ರಿಂದ 2012ರವರೆಗಿನ ಲೆಕ್ಕ ಉಳಿದಿತ್ತು: 23,620 ಗಂಟೆಗಳ ಗಾಳ, 6,161 ಮಹಸೀರ್, ಅತಿ ಚಿಕ್ಕದು 450 ಗ್ರಾಂ, ಅತಿ ದೊಡ್ಡದು 46.8 ಕೆ.ಜಿ. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಒಂದೊಂದರ ಸರಾಸರಿ ತೂಕ ಇಳಿದಿತ್ತು. ಮೇಲ್ನೋಟಕ್ಕೆ ಇದು ಒಳ್ಳೆಯ ಸುದ್ದಿ, ಮರಿಗಳು ಹೆಚ್ಚಿವೆ ಅಂದುಕೊಳ್ಳಬಹುದು. ಆದರೆ ಅದೇ ಪುಸ್ತಕವನ್ನು ಜಾತಿವಾರು ಬಿಡಿಸಿ ನೋಡಿದಾಗ ಹೆಚ್ಚಿದ್ದೆಲ್ಲ ನೀಲಿರೆಕ್ಕೆ ಎಂದು ತಿಳಿಯಿತು. ಗೂನು ಮೀನು ಸಿಗುವುದು ಕುಸಿದಿತ್ತು. ಅದರ ಮರಿಗಳು ಬೆಳೆದು ಬರುತ್ತಲೇ ಇಲ್ಲ ಎಂಬುದು ಅಧ್ಯಯನ ಮಾಡಿದವರ ಅನುಮಾನ. ಎರಡನ್ನೂ ‘ಮಹಸೀರ್’ ಎಂಬ ಒಂದೇ ಕಾಲಂನಲ್ಲಿ ಬರೆದಿದ್ದರೆ ಈ ಕುಸಿತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಭಯಾರಣ್ಯದೊಳಗೆ ಗಾಳ ನಿಂತ ಮೇಲೆ ಈ ಲೆಕ್ಕವೂ ನಿಂತಿತು. ಗಾಳ ಮತ್ತೆ ಶುರುಮಾಡಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ, ಅದು ಬೇರೆ ಚರ್ಚೆ. ಆದರೆ ಲೆಕ್ಕ ಇಡುವ ಬೇರೆ ವ್ಯವಸ್ಥೆ ಬೇಕೇ ಬೇಕು. ಮಳೆಗಾಲದಲ್ಲಿ ಉಕ್ಕುವ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಆಳದ ಮಡುಗಳಾಗಿ ಉಳಿಯುವ ಇಂಥ ನದಿಯಲ್ಲಿ ಬಲೆ ಬೀಸಿ ದೊಡ್ಡ ಮೀನು ಎಣಿಸುವುದು ಆಗದ ಮಾತು.

ಗೂನು ಮೀನಿಗೆ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಮಹಸೀರ್ ಮೊಟ್ಟೆಯಿಡುವ ರೀತಿ ನೋಡಬೇಕು. ರೋಹು, ಕಾಟ್ಲಾ ಕೆ.ಜಿ. ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಯಿಡುತ್ತವೆ. ಮಹಸೀರ್ ಇಡುವುದು ಕೆಲವೇ ಸಾವಿರ, ಅದೂ ಕಂತುಕಂತಾಗಿ. ಮಳೆಗಾಲದ ಹೊಸ ನೀರಿಗೆ ಮೇಲೇರಿ ಹೋಗಿ, ಗರಸು ಹಾಸಿದ, ಹರಿವಿರುವ ತೆಳುನೀರಿನಲ್ಲಿ ಇಡುತ್ತದೆ. ಮೊಟ್ಟೆ ದಪ್ಪ, ಹಳದಿ, ತಳಕ್ಕೆ ಮುಳುಗುವಂಥದ್ದು. ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಒಡೆದ ಮರಿ ತಕ್ಷಣ ಈಜಿ ಹೋಗುವುದಿಲ್ಲ. ಹೊಟ್ಟೆಯಡಿಯ ಹಳದಿ ಚೀಲದ ಭಾರಕ್ಕೆ, ಕಲ್ಲಸಂದಿಯಲ್ಲಿ ತಲೆ ತೂರಿಸಿಕೊಂಡು, ಬಾಲವನ್ನಷ್ಟೇ ಅಲ್ಲಾಡಿಸುತ್ತ ಹಲವು ದಿನ ಬಿದ್ದಿರುತ್ತದೆ. ಆ ದಿನಗಳಲ್ಲಿ ಮೇಲಿನ ಅಣೆಕಟ್ಟೆ ಅಥವಾ ವಿದ್ಯುತ್ ಘಟಕದಿಂದ ಬರುವ ನೀರು ಒಂದೇ ಸಲ ಇಳಿದರೆ ಗರಸು ಒಣಗುತ್ತದೆ, ಮರಿಯೂ ಒಣಗುತ್ತದೆ. ಮರಳು ಬಗೆದ ಕಡೆಯಿಂದ ಹೂಳು ಬಂದು ಕೂತರೆ ಉಸಿರುಕಟ್ಟುತ್ತದೆ. ಮರಳು ತೆಗೆಯುವವರು ಗರಸನ್ನೇ ಎತ್ತಿ ಒಯ್ದಿದ್ದರೆ ಮೊಟ್ಟೆಯಿಡಲು ಜಾಗವೇ ಇಲ್ಲ.

ಹೊಟ್ಟೆಪಾಡಿನಲ್ಲಿ ಎರಡಕ್ಕೂ ಹೆಚ್ಚು ಭೇದವಿಲ್ಲ. ದಂಡೆಯ ಅತ್ತಿಹಣ್ಣು, ಪಾಚಿ, ಏಡಿ, ಬಸವನಹುಳ, ಸಣ್ಣ ಮೀನು, ಏನು ಸಿಕ್ಕರೂ ಸರಿ. ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗೆ ಇವೆ. ಏಡಿಯ ಚಿಪ್ಪು ಪುಡಿಯಾಗುವುದು ಅಲ್ಲಿ. ಊಟ ಒಂದೇ ಆದಾಗ, ಸಾವಿರಗಟ್ಟಲೆ ತಂದು ಸುರಿದ ಮರಿಗಳು ಒಂದು ಪಂಗಡದವು, ತಾನಾಗಿ ಹುಟ್ಟಿ ಉಳಿದ ಬೆರಳೆಣಿಕೆಯವು ಇನ್ನೊಂದು ಪಂಗಡದವು ಆಗಿದ್ದರೆ ಜಾಗ ಯಾರ ಪಾಲಾಗುತ್ತದೆ ಎಂದು ಊಹಿಸಲು ಪಂಡಿತರೇ ಬೇಕಿಲ್ಲ. ಮರಿ ಬಿಡುವುದೊಂದೇ ಕುಸಿತಕ್ಕೆ ಕಾರಣ ಎಂದು ನಾವು ಹೇಳುವುದಿಲ್ಲ. ತೋಟೆ ಸಿಡಿಸಿ, ಬ್ಲೀಚಿಂಗ್ ಪುಡಿ ಸುರಿದು ಮೀನು ಹಿಡಿಯುವುದೂ ಇದೆ. ಬೇಸಿಗೆಯ ಮಡುವಿಗೆ ಒಂದು ತೋಟೆ ಬಿದ್ದರೆ ಆ ಭಾಗದ ದೊಡ್ಡ ಮೀನುಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ. ಮೇಲೆ ತೇಲಿ ಕೈಗೆ ಸಿಕ್ಕುವುದು ಕೆಲವು, ತಳಕ್ಕೆ ಕೂತು ಕೊಳೆಯುವುದೂ ಉಂಟು. ಮೇಕೆದಾಟು ಜಲಾಶಯ ಕಟ್ಟಿದರೆ ಸಂಗಮದ ಆಚೀಚಿನ ಹರಿಯುವ ನೀರು ನಿಂತ ನೀರಾಗುತ್ತದೆ ಎಂಬುದನ್ನೂ, ಆ ಯೋಜನೆಯ ಪರ ಇರುವವರೂ ವಿರೋಧ ಇರುವವರೂ, ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಎಲ್ಲ ಸಂಕಟಗಳ ನಡುವೆ ನೀಲಿರೆಕ್ಕೆಗೆ ಹೊರಗಿನಿಂದ ಮರಿಗಳ ಪೂರೈಕೆ ಇದೆ, ಗೂನು ಮೀನಿಗೆ ಇಲ್ಲ.

ಅನುಮತಿ ಇರುವ ನೀರಿನಲ್ಲಿ ಗಾಳ ಹಾಕುವವರಿಗೂ ಕೆಲವು ಮಾತು ಹೇಳಬೇಕು. ‘ಹಿಡಿದು ಬಿಡುತ್ತೇವೆ, ಮೀನಿಗೇನಾಗುತ್ತದೆ?’ ಎನ್ನುವುದು ಅರ್ಧ ಸತ್ಯ. ತೆಳು ದಾರ ಹಾಕಿ ಗಂಟೆಗಟ್ಟಲೆ ಆಡಿಸುವುದು ಶೌರ್ಯವೆಂದು ಕೆಲವರು ತಿಳಿದಿದ್ದಾರೆ. ಹಾಗೆ ದಣಿದ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಬಂಡೆಗಳ ನಡುವಿನ ಕಾವೇರಿಗೆ 30–40 ಪೌಂಡ್ ತಾಳುವ ದಾರ ಬೇಕು, ಮೀನನ್ನು ಬೇಗ ದಡಕ್ಕೆ ತರಬೇಕು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ, ಬಿಡಿಸುವಾಗ ತುಟಿ ಹರಿಯುವುದಿಲ್ಲ.

ಗಾಳಕ್ಕೆ ಸಿಕ್ಕಿಸುವ ರಾಗಿ ಉಂಡೆಯ ವಿಷಯದಲ್ಲೂ ಎಚ್ಚರ ಬೇಕು. ಗಟ್ಟಿಯಾಗಿ ನಾದಿದ ಹಿಟ್ಟನ್ನು ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಮತ್ತೆ ನಾದಿದರೆ ರಬ್ಬರಿನಂತೆ ಬಿಗಿಯುತ್ತದೆ, ಹರಿವಿನಲ್ಲಿ ಕರಗುವುದಿಲ್ಲ. ನಿಂಬೆಗಾತ್ರದ ಉಂಡೆಗೆ ನೀಲಿರೆಕ್ಕೆಯ ಚಿಕ್ಕ ಮೀನುಗಳೇ ಗುಂಪಾಗಿ ಬಂದು ಕುಟುಕುತ್ತವೆ. ದಾರವನ್ನು ಕೈಯಲ್ಲಿ ಹಿಡಿಯದೆ ಗಾಳದ ಕೋಲನ್ನು ಕವಲುಗೂಟಕ್ಕೆ ಒರಗಿಸಿ ಹರಟೆಗೆ ಕೂತರೆ ಮೀನು ಉಂಡೆಯನ್ನು ಗಂಟಲಿಗೆ ಇಳಿಸಿರುತ್ತದೆ. ಹಾಗೆ ನುಂಗಿದ್ದರೆ ಗಾಳವನ್ನು ಕಿತ್ತು ತೆಗೆಯಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಟ್ಟುಬಿಡಿ. ಕಿತ್ತರೆ ಕಿವಿರಿನಿಂದ ರಕ್ತ ಬರುತ್ತದೆ, ಆ ಮೀನು ಉಳಿಯುವುದು ಅನುಮಾನ.

ತೂಗುವ ಚಟಕ್ಕೆ ಕಿವಿರಿಗೆ ಕೊಕ್ಕೆ ಹಾಕಿ ನೇತುಹಾಕುವುದನ್ನು ಇನ್ನಾದರೂ ಬಿಡಬೇಕು. ಅಳತೆಪಟ್ಟಿ ಸಾಕು. ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದ, ಬೆನ್ನಿನ ರೆಕ್ಕೆಯ ಮುಂದಿನ ಸುತ್ತಳತೆ, ಎರಡನ್ನೂ ಸೆಂ.ಮೀ.ನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 29,000ದಿಂದ ಭಾಗಿಸಿದರೆ ತೂಕ ಅಂದಾಜಿಗೆ ಸಿಗುತ್ತದೆ. 100 ಸೆಂ.ಮೀ. ಉದ್ದ, 60 ಸೆಂ.ಮೀ. ಸುತ್ತಳತೆಯ ಮೀನು ಸುಮಾರು 12.4 ಕೆ.ಜಿ. ತುಟಿಗೆ ಹಗ್ಗ ಪೋಣಿಸಿ ಬೆಳಗಿನ ಫೋಟೊಗೆಂದು ರಾತ್ರಿಯಿಡೀ ಕಟ್ಟಿಡುವ ಹಳೆಯ ಪದ್ಧತಿಯೂ ಬೇಡ. ರಾತ್ರಿ ನೀರು ಇಳಿದರೆ ಕಟ್ಟಿದ ಮೀನು ಬಂಡೆಯ ಮೇಲೆ ಉಳಿಯುತ್ತದೆ. ಬಿಡುವಾಗ ಒದ್ದೆ ಕೈಯಲ್ಲಿ ಬಾಲದ ಬುಡ ಹಿಡಿದು, ಎದೆಯ ಕೆಳಗೆ ಇನ್ನೊಂದು ಕೈ ಕೊಟ್ಟು, ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿಯಿರಿ. ಹಿಂದೆ ಮುಂದೆ ತಳ್ಳಬೇಡಿ. ಅದು ತಾನಾಗಿ ಬಾಲ ಬೀಸಿ ಕೈಯಿಂದ ಜಾರಿಕೊಳ್ಳುವವರೆಗೆ, ಅರ್ಧ ಗಂಟೆಯಾದರೂ ಸರಿ, ಹಾಗೆಯೇ ನಿಲ್ಲಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳವನ್ನು ಅಟ್ಟಕ್ಕೆ ಹಾಕಿ.

ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಾವೇರಿ ಕೊಳ್ಳದ ಯಾವ ನೀರಿಗೂ ನೀಲಿರೆಕ್ಕೆ ಮರಿ ಬಿಡುವುದನ್ನು ನಿಲ್ಲಿಸಿ. ಹೇಮಾವತಿ, ಕಬಿನಿ, ಹಾರಂಗಿ, ಅರ್ಕಾವತಿ ಎಲ್ಲವೂ ಇದರೊಳಗೆ ಬರುತ್ತವೆ. ‘ಜಲಾಶಯಕ್ಕೆ ತಾನೇ ಬಿಟ್ಟಿದ್ದು’ ಎಂಬ ಸಮಜಾಯಿಷಿ ನಡೆಯದು, ಕೋಡಿ ಹರಿದಾಗ ಮರಿಗಳೂ ಕೆಳಗಿಳಿಯುತ್ತವೆ. ಮರಿ ಬಿಡುವ ಆದೇಶದಲ್ಲಿ ಜಾತಿಯ ಹೆಸರು, ತಾಯಿಮೀನು ತಂದ ನದಿ, ಮರಿಗಳ ಸಂಖ್ಯೆ ಮತ್ತು ಗಾತ್ರ ಬರೆಯುವುದು ಕಡ್ಡಾಯವಾಗಲಿ. ಗೂನು ಮೀನನ್ನೇ ಕೇಂದ್ರದಲ್ಲಿ ಮರಿ ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. ಮಾಡಿಸಬಹುದು, ಆದರೆ ಒಂದೆರಡು ತಾಯಿಮೀನಿನಿಂದ ಸಾವಿರಾರು ಮರಿ ತೆಗೆದು ಹೊಳೆ ತುಂಬಿಸಿದರೆ ಇಡೀ ಹೊಳೆ ಒಂದೇ ಮನೆಯ ಮಕ್ಕಳಿಂದ ತುಂಬುತ್ತದೆ, ಮುಂದಿನ ತಲೆಮಾರು ಸೊರಗುತ್ತದೆ. ಅದಕ್ಕಿಂತ ಮೊದಲು, ಮೋಯಾರ್‌ನಂಥ ಉಪನದಿಗಳಲ್ಲಿ ಉಳಿದಿರುವ ಗೂನು ಮೀನನ್ನು ಕಾಯಲು ತಮಿಳುನಾಡು, ಕೇರಳದವರ ಜೊತೆ ಕೂತು ಮಾತಾಡಬೇಕು. ನೀರಿನ ಹಂಚಿಕೆಗೆ ಮೂರೂ ರಾಜ್ಯ ಕೂರುತ್ತವೆ. ಮೀನಿಗಾಗಿ ಒಂದು ದಿನ ಕೂತರೆ ತಪ್ಪಿಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. ಮೈಸೂರು, ಕೊಡಗು, ಕೊಳ್ಳೇಗಾಲ, ಕನಕಪುರ ಕಡೆಯ ಮನೆಗಳಲ್ಲಿ ತಾತಂದಿರ ಕಾಲದ ಮೀನಿನ ಫೋಟೊಗಳಿರಬಹುದು, ಗೋಡೆಗೆ ತೂಗಿದ ಒಣ ತಲೆಯೂ ಇರಬಹುದು. ಎಸೆಯಬೇಡಿ. ಬೆನ್ನಿನ ಉಬ್ಬು, ಕೆಳದವಡೆ ನೋಡಿ. ಆ ಫೋಟೊದ ಹಿಂದೆ ಯಾವ ಹೊಳೆ, ಯಾವ ಊರಿನ ಹತ್ತಿರ, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಪೆನ್ಸಿಲಿನಲ್ಲಿ ಬರೆದಿಡಿ. ಇಂಕು ಬೇಡ, ಹಳೆಯ ಕಾಗದದಲ್ಲಿ ಈಚೆಗೆ ಇಳಿಯುತ್ತದೆ. ಗೂನು ಮೀನು ಒಂದು ಕಾಲಕ್ಕೆ ಎಲ್ಲೆಲ್ಲಿ ಇತ್ತು ಎಂಬ ನಕ್ಷೆ ಬಿಡಿಸುವವರಿಗೆ ಅದೇ ಆಧಾರ.

ಇಂತಿ,
ಕಾವೇರಿ ದಂಡೆಯ ಕೆಲವು ಗಾಳಗಾರರು